ಬೆಳ್ಳಿ ಸವೆದ ದೀಪ ಮತ್ತು ಕಡೂರಿನ ಮುದ್ದಪ್ಪ

ನನಗೆ ಮೂಗಿನ ತುದಿಯಲ್ಲೇ ಕೋಪ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕಡೂರಿನ ಮುದ್ದಪ್ಪನ ವಿಷಯ ಹೇಳಬೇಕಾದರೆ ನನ್ನ ಕೋಪದ ವಿಷಯವೂ ಬಂದೇ ಬರುತ್ತದೆ. ಕಡೂರಿನಿಂದ ತರೀಕೆರೆಯವರೆಗೆ ಅವನ ಹೆಸರು ಕೆಡಿಸಿದವನು ನಾನೇ. ಬೇರೆ ಯಾರೋ ಹೇಳಿ ನಿಮಗೆ ಗೊತ್ತಾಗುವುದಕ್ಕಿಂತ ನನ್ನ ಬಾಯಿಂದಲೇ ಗೊತ್ತಾಗಲಿ.

ನಾನು ಅಂಜಿನಪ್ಪ, ದೇವನೂರಿನ ಕಡೆಯವನು. ನಮ್ಮ ಅಪ್ಪನಿಗೆ ಒಂದಿಷ್ಟು ಬೆದ್ದಲು ಹೊಲ, ಹದಿನೆಂಟು ತೆಂಗಿನ ಮರ ಇದ್ದವು. ನನಗೆ ಎತ್ತಿನ ಹಿಂದೆ ನಡೆಯುವ ತಾಳ್ಮೆ ಇರಲಿಲ್ಲ. ಚಿಕ್ಕಮಗಳೂರಿಗೆ ಹೋಗಿ, ಕಾಫಿ ತೋಟದ ದೊರೆಯೊಬ್ಬರ ಷೆಡ್ಡಿನಲ್ಲಿ ಗಾಡಿ ತೊಳೆದು, ಬೈಸಿಕೊಂಡು, ಕೊನೆಗೆ ಮೋಟಾರು ನಡೆಸುವುದನ್ನು ಕಲಿತೆ. ಆ ದೊರೆ ಸೀಮೆಗೆ, ಅಂದರೆ ಇಂಗ್ಲೆಂಡಿಗೆ, ಹೊರಟುನಿಂತಾಗ ಅವರ ಕಾರನ್ನು ಅಜ್ಜಂಪುರದ ಕಲ್ಲೇಶಪ್ಪನವರು ಕೊಂಡರು. ಗಾಡಿಯ ಜೊತೆಗೆ ನಾನೂ ಅಜ್ಜಂಪುರಕ್ಕೆ ಬಂದೆ.

ಕಲ್ಲೇಶಪ್ಪನವರದು ಕೊಬ್ಬರಿ ಮತ್ತು ಹತ್ತಿಯ ವ್ಯಾಪಾರ. ಹಣೆ ತುಂಬ ವಿಭೂತಿ, ಎತ್ತರದ ಆಳು, ಮಾತು ಕಡಿಮೆ. ಅವರ ಹೆಂಡತಿ ಗುರುಶಾಂತಮ್ಮನವರ ಮಾತು ಮಾತ್ರ ಗಂಡನ ಪಾಲನ್ನೂ ಸೇರಿಸಿ ಹರಿಯುತ್ತಿತ್ತು. ಮಗ ವ್ಯಾಪಾರಕ್ಕೆಂದು ಹೆಚ್ಚಾಗಿ ದಾವಣಗೆರೆಯಲ್ಲೇ ಇರುತ್ತಿದ್ದ. ಆ ವರ್ಷದ ಶ್ರಾವಣದಲ್ಲಿ ತರೀಕೆರೆಯಿಂದ ಸೊಸೆ ಬಂದಿದ್ದಳು. ಮಲ್ಲಿಕಾಂಬ ಅಂತ ಹೆಸರು. ಹದಿನಾರು ವರ್ಷವಿರಬಹುದು. ಅವಳ ದನಿಯನ್ನು ನಾನು ಕೇಳಿದ್ದು ಎಷ್ಟೋ ತಿಂಗಳ ಮೇಲೆ.

ಮುದ್ದಪ್ಪ ಮೊದಲು ಕಡೂರು ರೈಲು ಸ್ಟೇಷನ್ನಿನ ದೀಪದವನು. ದಿನಾ ಸಂಜೆ ಹೆಗಲಿಗೆ ಸೀಮೆಎಣ್ಣೆ ಡಬ್ಬ ನೇತುಹಾಕಿಕೊಂಡು, ಸಿಗ್ನಲ್ ಕಂಬ ಹತ್ತಿ, ಬತ್ತಿ ಕತ್ತರಿಸಿ, ದೀಪ ಹಚ್ಚಿ ಇಳಿಯುವುದು ಅವನ ಕೆಲಸ. ಒಂದು ಸಲ ದೀಪ ಭಗ್ಗೆಂದು ಎಡಗಡೆಯ ಹುಬ್ಬು ಸುಟ್ಟುಹೋಯಿತು, ಮತ್ತೆ ಬರಲೇ ಇಲ್ಲ. ಆಮೇಲೆ ನಾಲ್ಕು ವರ್ಷ ಭದ್ರಾವತಿಯ ಕಾರ್ಖಾನೆಯಲ್ಲಿ ಕರೆಂಟಿನ ತಂತಿ ಎಳೆಯುವವರ ಜೊತೆಗಿದ್ದು ಆ ವಿದ್ಯೆಯನ್ನೂ ಕಲಿತ. ತಿರುಗಿ ಕಡೂರಿಗೆ ಬಂದು, ಸ್ಟೇಷನ್ ರಸ್ತೆಯ ಸೈಕಲ್ ಅಂಗಡಿಯೊಂದರ ಮುಂದೆ ತಗಡಿನ ಪೆಟ್ಟಿಗೆ ಇಟ್ಟುಕೊಂಡು ಕೂತ. ಆಗ ನಮ್ಮ ಸೀಮೆಯಲ್ಲಿ ಬಸ್ಸು, ಕಾರು ಎಲ್ಲ ಸೇರಿದರೂ ಹದಿನೈದೋ ಇಪ್ಪತ್ತೋ. ಎಂಜಿನ್ನು ಕೆಟ್ಟರೆ ನೋಡುವವರು ಇಬ್ಬರು ಮೂವರಿದ್ದರು. ದೀಪ ಕೆಟ್ಟರೆ ಮುದ್ದಪ್ಪನೊಬ್ಬನೇ.

ಅವನ ಕೆಲಸದ ರೀತಿ ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಬೇರೆಯವರಾದರೆ ಬಂದ ತಕ್ಷಣ ಬಾನೆಟ್ಟು ಎತ್ತಿ ಸಿಕ್ಕಸಿಕ್ಕ ತಂತಿ ಎಳೆದಾಡುತ್ತಾರೆ. ನೋಡುವವನಿಗೂ ಏನೋ ನಡೆಯುತ್ತಿದೆ ಎಂಬ ಸಮಾಧಾನ. ಇವನು ಗಾಡಿಯನ್ನು ಮುಟ್ಟುತ್ತಲೇ ಇರಲಿಲ್ಲ. ಜಗಲಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಕೇಳಲು ಶುರುಮಾಡುತ್ತಿದ್ದ.

"ಯಾವತ್ತಿಂದ ಹಿಂಗೆ? ಎರಡೂ ದೀಪಾನೋ, ಒಂದೋ? ಗುಂಡಿಗೆ ಇಳಿದಾಗ ಹೋಗ್ತದೋ, ಸುಮ್ನೆ ನಿಂತಾಗ್ಲೂ ಹೋಗ್ತದೋ? ಅದರ ಹಿಂದಿನ ದಿನ ಗಾಡಿಗೆ ಏನೇನ್ ಮಾಡಿದ್ರಿ?"

"ಏನೂ ಮಾಡಿಲ್ಲ ಕಣಯ್ಯಾ, ಮೊದ್ಲು ಎದ್ದು ನೋಡು."

"ಏನೂ ಮಾಡ್ದೇ ಏನೂ ಆಗಲ್ಲ ಕಣಪ್ಪಾ. ನಿಧಾನವಾಗಿ ನೆನಪು ಮಾಡ್ಕೊ," ಎಂದು ಎಲೆಯಡಿಕೆ ತೆಗೆಯುತ್ತಿದ್ದ.

ನವರಾತ್ರಿಯ ಹೊತ್ತಿಗೆ ಅವನು ನಮ್ಮಲ್ಲಿಗೆ ಮೊದಲ ಸಲ ಬಂದಾಗ ನಡೆದದ್ದೂ ಇದೇ. ಆಯುಧಪೂಜೆಗೆಂದು ಯಜಮಾನರು ಗಾಡಿಗೆ ಹೊಸ ಬಣ್ಣ ಹೊಡೆಸಿದ್ದರು. ಪೂಜೆಯೇನೋ ಚೆನ್ನಾಗಿ ಆಯಿತು, ಆದರೆ ಮಾರನೆಯ ದಿನದಿಂದ ಮುಂದಿನ ದೀಪಗಳಿಗೆ ಹುಚ್ಚು ಹಿಡಿಯಿತು. ಒಮ್ಮೆ ಹತ್ತುವುದು, ಒಮ್ಮೆ ಕಣ್ಣು ಮುಚ್ಚುವುದು, ಕಲ್ಲಿನ ಮೇಲೆ ಚಕ್ರ ಹತ್ತಿದರೆ ಒಂದು ಹೋಗಿ ಇನ್ನೊಂದು ಬರುವುದು. ನಾನು ಹೊಸ ಬಲ್ಬು ತಂದು ಹಾಕಿದೆ. ಬ್ಯಾಟರಿಯ ತುದಿಗಳನ್ನು ಉಜ್ಜಿದೆ. ದೃಷ್ಟಿಯಾಗಿದೆ ಎಂದು ಗುರುಶಾಂತಮ್ಮನವರು ಮೆಣಸಿನಕಾಯಿ ನಿವಾಳಿಸಿದರು. ಯಾವುದಕ್ಕೂ ಜಗ್ಗಲಿಲ್ಲ.

ಮುದ್ದಪ್ಪ ಎಲ್ಲ ಕೇಳಿ ಮುಗಿಸಿ, ಪೆಟ್ಟಿಗೆಯಿಂದ ಒಂದು ಸಣ್ಣ ಬಲ್ಬು ತೆಗೆದ. ಅದಕ್ಕೆ ಎರಡು ಉದ್ದ ತಂತಿ. ಅದನ್ನು ಅವನು ‘ಸಾಕ್ಷಿ’ ಎನ್ನುತ್ತಿದ್ದ. ಸಾಕ್ಷಿಯ ಒಂದು ತಂತಿಯನ್ನು ದೀಪಕ್ಕೆ ಬರುವ ತಂತಿಗೆ ಮುಟ್ಟಿಸಿ, ಇನ್ನೊಂದನ್ನು ದೀಪದ ತಗಡಿಗೆ ಒತ್ತಿದ. ಸಾಕ್ಷಿ ಹತ್ತಲಿಲ್ಲ. ಆ ಇನ್ನೊಂದು ತುದಿಯನ್ನೇ ಎಂಜಿನ್ನಿನ ಬರೀ ಕಬ್ಬಿಣಕ್ಕೆ ಒತ್ತಿದ. ಝಗ್ಗೆಂದು ಹತ್ತಿತು.

"ನೋಡಪ್ಪಾ, ಬ್ಯಾಟರಿಯಿಂದ ಕರೆಂಟು ಬರೋಕೆ ತಂತಿ ಐತೆ. ವಾಪಸ್ ಹೋಗೋಕೆ ತಂತಿ ಇಲ್ಲ, ಗಾಡಿ ಮೈಯೇ ದಾರಿ. ಆ ದಾರಿ ಮೇಲೆ ನೀವು ಬಣ್ಣ ಬಳಿದ್ಬಿಟ್ಟಿದೀರಿ. ಹೋದೋನು ಮನೆಗೆ ಬರೋದು ಹೆಂಗೆ?"

ದೀಪದ ಕಾಲನ್ನು ಬಿಚ್ಚಿ, ಅದು ಕೂರುವ ಜಾಗದ ಬಣ್ಣವನ್ನು ಚಾಕುವಿನಲ್ಲಿ ಅಡಿಕೆಯಗಲ ಕೆರೆದು, ಬಿಗಿಯಾಗಿ ಕೂರಿಸಿದ. ಅಷ್ಟೇ. ನಾನು ಮಜ್ಜಿಗೆ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ದೀಪಗಳ ಗಾಜು ತೆಗೆದು, ಒಳಗಿನ ಧೂಳು ಒರಸಿ, ಮತ್ತೆ ಮುಚ್ಚುತ್ತಿದ್ದ. ಎರಡೂ ದೀಪ ಹಾಲು ಚೆಲ್ಲಿದ ಹಾಗೆ ಬೆಳಗಿದವು. ಅಂದಿನಿಂದ ಕಲ್ಲೇಶಪ್ಪನವರಿಗೆ ಮುದ್ದಪ್ಪನ ಮಾತೆಂದರೆ ಮಾತು. ಬಸ್ಸಿನವರೂ ಹಾಗೆಯೇ. ಬಣ್ಣ ಹೊಡೆದವನು ಯಾರು, ಅಲ್ಲಿ ಬಣ್ಣ ಬಳಿ ಎಂದು ಹೇಳಿದವರು ಯಾರು ಎಂದೆಲ್ಲ ಅವನು ಕೇಳಲೇ ಇಲ್ಲ. ಹೇಳಿದ್ದವನು ನಾನು. ಕೇಳಲಿಲ್ಲವಲ್ಲ ಎಂದು ಒಳಗೊಳಗೇ ಖುಷಿಪಟ್ಟೆ.

ಸಂಕ್ರಾಂತಿ ಕಳೆಯುವ ಹೊತ್ತಿಗೆ ಬೇರೊಂದು ತೊಂದರೆ ಶುರುವಾಯಿತು. ಈ ಸಲ ದೀಪ ಆರುತ್ತಿರಲಿಲ್ಲ, ನಡುಗುತ್ತಿರಲಿಲ್ಲ. ಸುಮ್ಮನೆ ವಾರದಿಂದ ವಾರಕ್ಕೆ ಮಂಕಾಗುತ್ತ ಬಂತು. ಮೊದಲು ನಾನು ನನ್ನ ಕಣ್ಣನ್ನೇ ಅನುಮಾನಿಸಿದೆ. ಬಲ್ಬು ಬದಲಾಯಿಸಲು ಗಾಜು ತೆಗೆದಾಗ ಬಲ್ಬಿನ ಹಿಂದಿನ ಬಟ್ಟಲು ಥಳಥಳ ಹೊಳೆಯುತ್ತಿತ್ತು, ದೇವರ ಮನೆಯ ತಂಬಿಗೆಯಂತೆ. ಇಷ್ಟು ಚೊಕ್ಕಟವಾಗಿರುವುದರ ಮೇಲೆ ಯಾರಿಗೆ ಅನುಮಾನ ಬರುತ್ತದೆ? ಬ್ಯಾಟರಿಯದೇ ತಪ್ಪೆಂದು ಅದನ್ನು ಶಪಿಸಿದೆ.

ಒಂದು ಶುಕ್ರವಾರ ಯಜಮಾನರನ್ನೂ ಅಮ್ಮನವರನ್ನೂ ತರೀಕೆರೆಯ ಬೀಗರ ಮನೆಯಿಂದ ಕರೆತರುತ್ತಿದ್ದೆ. ಹೊತ್ತು ಮುಳುಗಿತ್ತು. ಅಜ್ಜಂಪುರ ಇನ್ನೆರಡು ಮೈಲಿ ಇದೆ ಎನ್ನುವಾಗ ಎದುರಿಗೆ ಎತ್ತಿನ ಗಾಡಿ. ನನ್ನ ದೀಪದ ಬೆಳಕಿಗೆ ಅದು ಕಂಡಾಗ ಹತ್ತು ಮಾರು ಕೂಡ ಇರಲಿಲ್ಲ. ಪಕ್ಕಕ್ಕೆ ಎಳೆದೆ, ಮುಂದಿನ ಚಕ್ರ ಚರಂಡಿಗೆ ಇಳಿಯಿತು. ಅಮ್ಮನವರ ಹಣೆ ಕಂಬಿಗೆ ಬಡಿದು ಊದಿಕೊಂಡಿತು. ಎತ್ತುಗಳಿಗೆ ಏನೂ ಆಗಲಿಲ್ಲ, ದೇವರು ದೊಡ್ಡವನು.

ಯಜಮಾನರು ಮಾರನೆಯ ಬೆಳಿಗ್ಗೆ ಕರೆದು ಹೇಳಿದರು: "ಸೋಮವಾರ ಮುದ್ದಪ್ಪ ಬತ್ತಾನೆ. ದೀಪದ್ದು ತಪ್ಪಾದ್ರೆ ದೀಪ ರಿಪೇರಿ. ನಿಂದು ತಪ್ಪಾದ್ರೆ ಬೀಗದ ಕೈ ಇಲ್ಲಿಟ್ಟು ಹೊರಡು."

ಎರಡು ದಿನ ನನಗೆ ಅನ್ನ ಸೇರಲಿಲ್ಲ. ಹೊರಹಾಕಿಸಿಕೊಂಡ ಡ್ರೈವರನನ್ನು ಆ ಕಾಲದಲ್ಲಿ ಯಾರೂ ಬಾಗಿಲಿಗೂ ಸೇರಿಸುತ್ತಿರಲಿಲ್ಲ. ಮತ್ತೆ ದೇವನೂರಿಗೆ ಹೋಗಿ, ಊರವರು ನಗುವಾಗ ಎತ್ತಿನ ಬಾಲ ಹಿಡಿಯಬೇಕು. ಮುದ್ದಪ್ಪ ಏನು ಹೇಳುತ್ತಾನೋ ಅದರ ಮೇಲೆ ನನ್ನ ಬದುಕು ನಿಂತಿತ್ತು.

ಸೋಮವಾರ ಸಂಜೆ, ಇನ್ನೂ ದನ ಕೊಟ್ಟಿಗೆಗೆ ಬರುವ ಹೊತ್ತು, ಅವನು ಬಂದ. ಜಗಲಿಯ ಮೇಲೆ ಕೂತ. ಅದೇ ಪ್ರಶ್ನೆಗಳು. ನಾನು ಹಲ್ಲು ಕಚ್ಚಿಕೊಂಡು ಉತ್ತರ ಹೇಳಿದೆ. ಆಮೇಲೆ ಸಾಕ್ಷಿ ತೆಗೆದು ಬ್ಯಾಟರಿಗೇ ಮುಟ್ಟಿಸಿದ, ಚೆನ್ನಾಗಿ ಹತ್ತಿತು. ದೀಪದ ಬುಡದಲ್ಲಿ ಮುಟ್ಟಿಸಿದ. ಅಲ್ಲೂ ಅಷ್ಟೇ ಬೆಳಕು. ದೀಪದ ತಗಡಿಗೆ ಮುಟ್ಟಿಸಿದ, ಅಷ್ಟೇ.

"ಬರೋ ದಾರೀನೂ ಸರಿ, ಹೋಗೋ ದಾರೀನೂ ಸರಿ. ಕರೆಂಟು ಒಂದು ಹನಿಯೂ ಸೋರಿಲ್ಲ," ಎಂದ.

ಕಲ್ಲೇಶಪ್ಪನವರು ನನ್ನ ಮುಖ ನೋಡಿದರು.

ಮುದ್ದಪ್ಪ ಕೆಳಗಿನ ತಿರುಪು ಬಿಚ್ಚಿ ಗಾಜು ತೆಗೆದ. ಬಲ್ಬು ತೆಗೆದ. ಅದರ ಹಿಂದೆ ಇದ್ದ ಬಟ್ಟಲನ್ನು ಬಿಚ್ಚಿ ಬೆಳಕಿಗೆ ಹಿಡಿದ. ಹಳದಿಯಾಗಿ, ಚಿನ್ನದ ಹಾಗೆ ಹೊಳೆಯಿತು. ಯಜಮಾನರು ಧಡಕ್ಕನೆ ಎದ್ದರು.

"ಇದೇನಿದು? ಹಿತ್ತಾಳೆ! ಗಾಡಿ ತಗೊಂಡಾಗ ದೊರೆ ಬಿಚ್ಚಿ ತೋರಿಸಿದ್ರು, ಒಳಗೆ ಬೆಳ್ಳಿ ಇತ್ತು. ಬಿಳೀ ಬೆಳ್ಳಿ! ನಮ್ಮನೆಯವಳು ಅದರಲ್ಲಿ ಮುಖ ನೋಡ್ಕೊಂಡಿದ್ಲು. ಲೇ ಅಂಜಿನಪ್ಪಾ, ಬೆಳ್ಳಿ ಬಟ್ಲು ಎಲ್ಲೋ? ಎಲ್ಲಿ ಮಾರ್ದೆ?"

ಕೆಲಸ ಹೋಗುವ ಮಾತಿರಲಿ, ಕಳ್ಳನಾಗಿ ನಿಂತಿದ್ದೆ. "ನಿಮ್ಮ ಪಾದದಾಣೆ ಬುದ್ಧೀ, ನಾನು ಮುಟ್ಟಿಲ್ಲ!" ಎಂದೆ. ಗುರುಶಾಂತಮ್ಮನವರು ಹಣೆಯ ಊತ ಹಿಡಿದುಕೊಂಡು ಬಾಗಿಲಿಗೆ ಬಂದರು. "ಉಂಡ ಮನೆಗೆ ಕನ್ನ ಹಾಕ್ದೆಯಲ್ಲೋ! ತರೀಕೆರೆ ಅಮಲ್ದಾರರಿಗೆ ಹೇಳಿಕಳ್ಸಿ, ಇವನನ್ನ ಹಿಡ್ಕೊಂಡು ಹೋಗ್ಲಿ!" ಎಂದರು. ಅವರ ಹಿಂದೆ ಸಂಜೆಯ ದೀಪ ಹಿಡಿದು ಸೊಸೆ ನಿಂತಿದ್ದಳು.

"ಮಾರಿಲ್ಲ ಸ್ವಾಮಿ," ಎಂದ ಮುದ್ದಪ್ಪ. "ಇದು ಅದೇ ಬಟ್ಲು. ಪೂರಾ ಬೆಳ್ಳೀದಲ್ಲ, ಹಿತ್ತಾಳೆ ಮೇಲೆ ಬೆಳ್ಳಿ ನೀರು ಕುಡಿಸಿರ್ತಾರೆ. ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ. ದೀಪದ ಬೆಳಕನ್ನ ಮುಂದಕ್ಕೆ ದೂಡೋದು ಆ ಬೆಳ್ಳಿ. ಅದನ್ನ ಯಾರೋ ತಿಕ್ಕಿ ತಿಕ್ಕಿ ತೆಗೆದವ್ರೆ."

"ಯಾರು ತಿಕ್ಕಿದ್ದು?"

ಯಜಮಾನರು ಮತ್ತೆ ಕೇಳಿದರು, ಈ ಸಲ ನನ್ನ ಕಡೆ ನೋಡಿಯೇ ಕೇಳಿದರು. "ಗಾಡಿ ನಿನ್ನ ಕೈಲಿರೋದು. ನೀನಲ್ದೆ ಇನ್ಯಾರು?"

ಮುದ್ದಪ್ಪ ಬಟ್ಟಲನ್ನು ಕಣ್ಣಿನ ಹತ್ತಿರ ಹಿಡಿದು ತಿರುಗಿಸಿದ. ಅದರ ಅಂಚಿನ ಸಂದಿಯಿಂದ ಉಗುರಿನಲ್ಲಿ ಏನನ್ನೋ ಎಳೆದ. ಸಣ್ಣ ನಾರು. ಅದನ್ನು ನೋಡಿ, ಆಮೇಲೆ ತಲೆಯೆತ್ತಿ ಬಾಗಿಲ ಕಡೆ ನೋಡಿದ. ನಾರನ್ನು ಮೆಲ್ಲಗೆ ಕೋಟಿನ ಜೇಬಿಗೆ ಹಾಕಿಕೊಂಡ. ನಾನು ಪಕ್ಕದಲ್ಲೇ ಇದ್ದೆ, ನನ್ನ ಕಣ್ಣಿಗೆ ಚೆನ್ನಾಗಿ ಕಂಡಿತು.

"ನಾನು ಸ್ವಾಮಿ," ಎಂದ.

"ಏನು?"

"ನವರಾತ್ರೀಲಿ ಬಂದಾಗ ಗಾಜು ತೆಗೆದು ನಾನೇ ತಿಕ್ಕಿದ್ದು. ರೈಲು ದೀಪ ಬೂದೀಲಿ ತಿಕ್ಕಿ ತಿಕ್ಕಿ ಅಭ್ಯಾಸ ಆಗೋಗಿತ್ತು. ಬೆಳ್ಳಿ ಎದ್ದು ಸಡ್ಲ ಆಗಿ, ಬರ್ತಾ ಬರ್ತಾ ಉದುರಿಹೋಗೈತೆ. ತಪ್ಪು ನಂದು. ಈ ಹುಡುಗಂದೇನೂ ಇಲ್ಲ."

ಯಜಮಾನರು ಬಹಳ ಹೊತ್ತು ಅವನನ್ನೇ ನೋಡಿದರು. "ನಿನ್ನ ನಂಬಿದ್ನಲ್ಲೋ ಮುದ್ದಪ್ಪಾ," ಎಂದರು, "ಇನ್ನು ಈ ಬಾಗ್ಲಿಗೆ ಬರಬೇಡ." ಅವನು ಗಾಜು ಮುಚ್ಚಿ, ತಿರುಪು ಬಿಗಿದು, ಪೆಟ್ಟಿಗೆ ಎತ್ತಿಕೊಂಡ.

ನಾನು ಏನು ಮಾಡಬೇಕಿತ್ತು? ಸುಮ್ಮನೆ ಇರಬಹುದಿತ್ತು. ಎರಡು ದಿನ ನುಂಗಿಕೊಂಡಿದ್ದ ಹೆದರಿಕೆಯೆಲ್ಲ ಕೋಪವಾಗಿ ಬಾಯಿಗೆ ಬಂತು. ಬೀದಿಯವರೆಗೂ ಅವನ ಹಿಂದೆ ಹೋಗಿ, ಜನ ಸೇರುವ ಹಾಗೆ ಬೈದೆ. "ಅಯೋಗ್ಯ! ನಿನ್ನಿಂದ ನಾನು ಕಳ್ಳ ಅನ್ನಿಸ್ಕೊಂಡೆ! ನಾರು ಜೇಬಿಗೆ ಹಾಕ್ಕೊಂಡು ಮುಚ್ಚಿಡೋಕೆ ನೋಡ್ದೆಯಲ್ಲ, ನಾನೇನು ಕುರುಡನಾ?" ಅವನು ಒಂದು ಸಲ ನಿಂತು, "ಆಯ್ತು ಕಣಪ್ಪಾ, ಹೋಗಿ ಊಟ ಮಾಡು," ಎಂದು ನಡೆದುಬಿಟ್ಟ.

ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. ನಿಲ್ಲಿಸಲಿಲ್ಲ. ಕಡೂರಿನ ಬಸ್ಸು ನಿಲ್ಲುವ ಜಾಗದಲ್ಲಿ ಹೇಳಿದೆ, ಬೀರೂರಿನ ಕಾಫಿ ಹೋಟೆಲಿನಲ್ಲಿ ಹೇಳಿದೆ, ತರೀಕೆರೆಯ ಸಂತೆಯಲ್ಲಿ ಹೇಳಿದೆ. ಬೆಳ್ಳಿ ಯಾವುದು ಹಿತ್ತಾಳೆ ಯಾವುದು ಗೊತ್ತಿಲ್ಲದವನು ದೀಪ ರಿಪೇರಿ ಮಾಡುತ್ತಾನಂತೆ, ಎಂದೆ. ಕೈಗೆ ಬೂದಿ ಮೆತ್ತಿಕೊಂಡು ಬರುತ್ತಾನೆ, ಹುಷಾರು, ಎಂದೆ. ಎಲ್ಲರೂ ನಕ್ಕರು. ನಗುವ ಜನ ಸಿಕ್ಕರೆ ನನಗೆ ಇನ್ನೂ ಮಾತು ಬರುತ್ತದೆ. ಆರು ತಿಂಗಳಲ್ಲಿ ಸೈಕಲ್ ಅಂಗಡಿಯ ಮುಂದೆ ಅವನ ಪೆಟ್ಟಿಗೆ ಕಾಣದಾಯಿತು. ತರೀಕೆರೆಗೆ ಹೋಗಿ ಮದುವೆ ಮೆರವಣಿಗೆಗಳಿಗೆ ಗ್ಯಾಸ್‌ಲೈಟು ಹೊಂದಿಸಿಕೊಡುತ್ತಾನೆ ಎಂದು ಯಾರೋ ಹೇಳಿದರು. ಬೇಕಾಗಿತ್ತು ಅವನಿಗೆ, ಎಂದುಕೊಂಡೆ.

ಬಟ್ಟಲುಗಳು ಬೆಂಗಳೂರಿಗೆ ಹೋಗಿ ಬೆಳ್ಳಿ ಕುಡಿದು ಬಂದವು. ದೀಪ ಮೊದಲಿನಂತಾಯಿತು. ಮತ್ತೆ ಮಂಕಾಗಲಿಲ್ಲ. ನನ್ನ ಕೆಲಸ ಉಳಿಯಿತು, ಮದುವೆಯಾಯಿತು, ಮಕ್ಕಳಾದರು. ಐದು ವರ್ಷ ಹೋಯಿತು. ಅಷ್ಟರಲ್ಲಿ ಗುರುಶಾಂತಮ್ಮನವರು ತೀರಿಕೊಂಡು, ಮನೆಯ ಬೀಗದ ಕೈಗಳು ಮಲ್ಲಿಕಾಂಬಮ್ಮನವರ ಸೆರಗಿಗೆ ಬಂದಿದ್ದವು.

ಒಂದು ದಿನ ಮಧ್ಯಾಹ್ನ ಅವರನ್ನು ತರೀಕೆರೆಯ ತವರಿಗೆ ಕರೆದೊಯ್ಯುತ್ತಿದ್ದೆ. ಪೇಟೆಯ ಬೀದಿಯಲ್ಲಿ ಮದುವೆಯ ದಿಬ್ಬಣ ಅಡ್ಡ ಬಂತು. ಸಂಜೆಗೆ ಬೇಕಾಗುವ ಗ್ಯಾಸ್‌ಲೈಟನ್ನು ತಲೆಯ ಮೇಲೆ ಹೊತ್ತು ಒಬ್ಬ ಮುದುಕ ಪಕ್ಕದಲ್ಲಿ ನಡೆಯುತ್ತಿದ್ದ. ಒಂದು ಹುಬ್ಬಿಲ್ಲ. ನಾನು ಬೇಕೆಂದೇ ಹಾರನ್ನು ಒತ್ತಿದೆ. ಅವನು ಬೆಚ್ಚಿ ಗೋಡೆಗೆ ಒತ್ತಿ ನಿಂತ.

"ಯಾರು ಅಂಜಿನಪ್ಪಾ ಅದು?" ಎಂದರು ಅಮ್ಮನವರು ಹಿಂದಿನಿಂದ.

"ಅವನೇ ಅಮ್ಮಾ, ಬಟ್ಲು ಹಾಳು ಮಾಡಿದ್ನಲ್ಲ, ಮುದ್ದಪ್ಪ. ತಕ್ಕ ಶಾಸ್ತಿ ಆಗೈತೆ."

ಪೇಟೆ ದಾಟಿ ಅವರ ತವರಿನ ಓಣಿ ಬಂದಾಗ ತಿರುಗಿ ನೋಡಿದೆ. ಅವರು ಸೆರಗು ಬಾಯಿಗೊತ್ತಿ ಅಳುತ್ತಿದ್ದರು. ಗಾಡಿ ನಿಲ್ಲಿಸಿದೆ.

"ಅವರು ತಿಕ್ಕಲಿಲ್ಲ ಅಂಜಿನಪ್ಪಾ. ನಾನು ತಿಕ್ಕಿದ್ದು," ಎಂದರು.

ನನಗೆ ತಲೆಬುಡ ತಿಳಿಯಲಿಲ್ಲ. ಅವರು ಬಿಕ್ಕುತ್ತ ಬಿಕ್ಕುತ್ತ ಹೇಳಿದರು. ಮದುವೆಯಾಗಿ ಬಂದ ವಾರವೇ ಅತ್ತೆ, ಮನೆಯ ದೀಪಗಳೆಲ್ಲ ಇನ್ನು ನಿನ್ನ ಪಾಲಿಗೆ, ಒಂದು ಮಂಕಾಗಿ ಕಂಡರೂ ತವರಿಗೆ ಕಳಿಸಿಬಿಡುತ್ತೇನೆ ಎಂದಿದ್ದರಂತೆ. ಸೋಮವಾರ ಬೆಳಗಿನ ಜಾವ ಕಂಬದ ದೀಪ, ತೂಗುದೀಪ, ಆರತಿ ಎಲ್ಲವನ್ನೂ ಹುಣಸೆಹಣ್ಣು ಬೂದಿ ಹಾಕಿ ಬೆಳಗುತ್ತಿದ್ದರು. ನವರಾತ್ರಿ ಕಳೆದ ಮೇಲೆ, ನಾನು ಕೆರೆಗೆ ಸ್ನಾನಕ್ಕೆ ಹೋದಾಗ ಗಾಡಿಯ ದೀಪಗಳನ್ನೂ ಬೆಳಗತೊಡಗಿದರು. ಒಂದೇ ತಿರುಪು, ಬಿಚ್ಚುವುದು ಕಷ್ಟವಿರಲಿಲ್ಲ. ಮಾವನವರನ್ನು ಕತ್ತಲಲ್ಲಿ ಮನೆಗೆ ತರುವ ದೀಪ, ಅದನ್ನು ಬಿಟ್ಟರೆ ಹೇಗೆ ಎಂದು.

"ಮಂಕಾಯ್ತು ಅಂತ ನೀನು ಗೊಣಗ್ತಿದ್ದೆಯಲ್ಲ, ಅದನ್ನ ಕೇಳಿ ಇನ್ನೂ ಜೋರಾಗಿ ತಿಕ್ದೆ. ಅವತ್ತು ಅವರು ಹುಣಸೆ ನಾರು ತೆಗೆದು ನನ್ನ ಕೈ ನೋಡಿದ್ರು. ಬೆಳಿಗ್ಗೆ ತಿಕ್ಕಿದ್ದು, ಬೆರಳೆಲ್ಲ ಕಪ್ಪಗಿತ್ತು. ಅವರ ಜೊತೆ ನಾನು ಒಂದು ಮಾತೂ ಆಡಿದೋಳಲ್ಲ. ಬಾಯಿ ಬಿಡೋಕೆ ಧೈರ್ಯ ಬರಲಿಲ್ಲ ಕಣೋ. ಇವತ್ತಿಗೂ ದೀಪ ಬೆಳಗೋಕೆ ಕೂತಾಗ ಎದೆ ಹೊಡ್ಕೊತದೆ."

ಹತ್ತೂರಿನಲ್ಲಿ ಆಡಿದ ಮಾತು ಒಂದೊಂದೂ ನನಗೇ ತಿರುಗಿ ಕೇಳಿಸುತ್ತಿತ್ತು. ಆಗಷ್ಟೇ ಒತ್ತಿದ ಹಾರನ್ನೂ.

ಆ ವಾರವೆಲ್ಲ ನಿದ್ದೆ ಬರಲಿಲ್ಲ. ಕೊನೆಗೆ ಒಂದು ಬೆಳಿಗ್ಗೆ, ಯಜಮಾನರು ಪೂಜೆ ಮುಗಿಸಿ ಜಗಲಿಗೆ ಬಂದಾಗ, ಬೀಗದ ಕೈಯನ್ನು ಅವರ ಪಾದದ ಹತ್ತಿರ ಇಟ್ಟೆ. ಅಮ್ಮನವರ ಹೆಸರು ಎತ್ತದೆ ಮುದ್ದಪ್ಪನ ಹೆಸರು ತೊಳೆಯಲು ನನಗೆ ಹೊಳೆದದ್ದು ಅದೊಂದೇ ದಾರಿ.

"ಬುದ್ಧೀ, ಆವತ್ತು ಬಟ್ಲು ತಿಕ್ಕಿದ್ದು ನಾನು. ಮುದ್ದಪ್ಪ ನನ್ನ ಉಳಿಸೋಕೆ ಸುಳ್ಳು ಹೇಳ್ದ."

ಕಲ್ಲೇಶಪ್ಪನವರಿಗೆ ಆಗ ಎಪ್ಪತ್ತರ ಹತ್ತಿರ. ಬೀಗದ ಕೈ ನೋಡಿದರು, ನನ್ನನ್ನು ನೋಡಿದರು. ಅಷ್ಟರಲ್ಲಿ ಒಳಗಿನಿಂದ ಬಳೆ ಸದ್ದಾಯಿತು. ಮಾವನ ಎದುರು ಎಂದೂ ನಿಲ್ಲದ ಮಲ್ಲಿಕಾಂಬಮ್ಮನವರು ಹೊಸಿಲು ದಾಟಿ ಜಗಲಿಗೆ ಬಂದರು.

"ಅವನು ಸುಳ್ಳು ಹೇಳ್ತಾವ್ನೆ ಮಾವಾ. ತಿಕ್ಕಿದ್ದು ನಾನು. ನನ್ನ ತವರಿಗೆ ಕಳಿಸೋದಾದ್ರೆ ಕಳಿಸಿ," ಎಂದರು. ಮಾತು ನಡುಗಲಿಲ್ಲ.

ಯಜಮಾನರು ಇಬ್ಬರನ್ನೂ ಸರದಿಯಲ್ಲಿ ನೋಡಿದರು. "ಎರಡು ಬಟ್ಲಿಗೆ ಎಷ್ಟು ಜನರಪ್ಪಾ ತಿಕ್ಕಿದ್ದು!" ಎಂದರು. ನಗುತ್ತಾರೇನೋ ಅಂದುಕೊಂಡೆ. ನಗಲಿಲ್ಲ. ಸೊಸೆಯನ್ನು ಹತ್ತಿರ ಕರೆದು ತಲೆಯ ಮೇಲೆ ಕೈಯಿಟ್ಟರು. "ಈ ಮನೇಲಿ ನಿಜ ಹೇಳೋಕೆ ಐದು ವರ್ಷ ಹೆದರ್ಕೊಂಡಿದ್ದೆಯಲ್ಲ ಮಗಳೇ, ಆ ತಪ್ಪು ನಂದು," ಎಂದರು. ಆಮೇಲೆ ಬೀಗದ ಕೈ ಎತ್ತಿ ನನ್ನ ಕಡೆ ಹಾಕಿದರು. "ಗಾಡಿ ತೆಗಿ. ತರೀಕೆರೆಗೆ ನಡಿ."

ಮುದ್ದಪ್ಪನ ಮನೆ ಹುಡುಕಲು ಹೊತ್ತು ಹಿಡಿಯಿತು. ಕೆರೆಯ ಏರಿಯ ಕೆಳಗೆ ಒಂದು ಸಣ್ಣ ಹೆಂಚಿನ ಮನೆ. ಅಂಗಳದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಗ್ಯಾಸ್‌ಲೈಟಿನ ಗಾಜನ್ನು ಪಂಚೆಯ ತುದಿಯಿಂದ ಒರಸುತ್ತಿದ್ದ. ಯಜಮಾನರನ್ನು ಕಂಡು ಗಡಿಬಿಡಿಯಿಂದ ಎದ್ದ. ಹೆಂಡತಿ ಹುಚ್ಚಮ್ಮ ಚಾಪೆ ತಂದು ಹಾಸಿದಳು. ಅವನು ನನ್ನನ್ನು ನೋಡಿದ. ನಾನು ತಲೆ ತಗ್ಗಿಸಿದೆ.

"ಏನಪ್ಪಾ ಅಂಜಿನಪ್ಪಾ, ಚೆನ್ನಾಗಿದೀಯಾ? ಮಕ್ಕಳು ಎಷ್ಟು?" ಎಂದ.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಇದನ್ನು ತಡೆದುಕೊಳ್ಳಲು ಆಗಲಿಲ್ಲ. ಗೋಡೆಯ ಕಡೆ ತಿರುಗಿ ನಿಂತುಬಿಟ್ಟೆ.

ಕಲ್ಲೇಶಪ್ಪನವರು ಚಾಪೆಯ ಮೇಲೆ ಕೂತು ಕೇಳಿದರು. "ಮುದ್ದಪ್ಪಾ, ನನಗೂ ವಯಸ್ಸಾಯ್ತು. ಇವತ್ತಾದ್ರೂ ನಿಜ ಹೇಳು. ಆವತ್ತು ಆ ಬಟ್ಲು ತಿಕ್ಕಿದ್ದು ಯಾರು?"

ಅವನಿಗೆ ಅಜ್ಜಂಪುರದ ಜಗಲಿಯಲ್ಲಿ ಬೆಳಿಗ್ಗೆ ನಡೆದದ್ದು ಗೊತ್ತಿಲ್ಲ. ಒರಸುತ್ತಿದ್ದ ಗಾಜನ್ನು ಮೆಲ್ಲಗೆ ಕೆಳಗಿಟ್ಟ. ನನ್ನ ಕಡೆ ನೋಡಲಿಲ್ಲ, ಯಜಮಾನರ ಮುಖವನ್ನೇ ನೇರವಾಗಿ ನೋಡಿ ಹೇಳಿದ:

"ನಾನೇ ಸ್ವಾಮಿ. ಆವತ್ತೇ ಹೇಳಿದ್ನಲ್ಲ. ಮಕ್ಕಳಿರೋ ಮನೆ ನಿಮ್ದು, ಈಗ ಯಾಕೆ ಅದನ್ನ ಕೆದಕ್ತೀರಿ?"

ಯಜಮಾನರ ಕಣ್ಣಲ್ಲಿ ನೀರು ಬಂತು. ಅಷ್ಟು ವರ್ಷದಲ್ಲಿ ನಾನು ಅದನ್ನು ನೋಡಿದ್ದು ಅದೊಂದೇ ಸಲ. ತಮಗೆ ಗೊತ್ತು ಎಂದು ಅವರು ಹೇಳಲಿಲ್ಲ. ಎರಡೂ ಕೈ ಜೋಡಿಸಿ, ಬಹಳ ಹೊತ್ತು ಹಾಗೆಯೇ ಕೂತರು. ಮುದ್ದಪ್ಪ ಗಾಬರಿಯಾಗಿ, "ಅಯ್ಯೋ, ಏನ್ ಸ್ವಾಮಿ ಇದು, ಬಿಡಿ ಬಿಡಿ," ಎಂದು ಅವರ ಕೈ ಹಿಡಿದುಕೊಂಡ.

"ನಾಳೆ ಅಜ್ಜಂಪುರಕ್ಕೆ ಬನ್ನಿ," ಎಂದರು ಕಲ್ಲೇಶಪ್ಪನವರು. "ಗಾಡಿ ದೀಪ ನೋಡಬೇಕು."

"ಯಾವತ್ತಿಂದ ಕೆಟ್ಟೈತೆ?"

"ಕೆಟ್ಟಿಲ್ಲ. ಆದ್ರೂ ಬನ್ನಿ. ಅಂಜಿನಪ್ಪ ಬಂದು ಕರ್ಕೊಂಡು ಹೋಗ್ತಾನೆ."

ಮಾರನೆಯ ಬೆಳಿಗ್ಗೆ ನಾನೇ ಹೋಗಿ ಕರೆತಂದೆ. ಹಿಂದಿನ ಸೀಟಿನಲ್ಲಿ ಕೂರು ಎಂದರೆ ಕೇಳಲಿಲ್ಲ, ನನ್ನ ಪಕ್ಕದಲ್ಲೇ ಕೂತ. ತರೀಕೆರೆ ಪೇಟೆ ದಾಟುವಾಗ ಅಂಗಡಿಯವರು, ಬಸ್ಸಿನವರು ಎಲ್ಲ ನೋಡುತ್ತಿದ್ದರು. ನಾನು ಗಾಡಿಯನ್ನು ನಡೆದುಕೊಂಡು ಹೋಗುವವರಷ್ಟೇ ನಿಧಾನವಾಗಿ ಬಿಟ್ಟೆ.